ನೋಟೀಸು ಬೋರ್ಡಿಗೆ ಬಾರದ ನೌಕರಿ ಯಾರ ಪಾಲು?

ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳ ನೇಮಕಾತಿ ಅಧಿಕಾರದ ಬಗ್ಗೆ ಈ ಸಲ ಬರೆಯುತ್ತೇವೆ ಎಂದಾಗ ನಮ್ಮವರೇ ಕೆಲವರು ನಕ್ಕರು. “ಬೆಂಗ್ಳೂರಲ್ ಕೂತ ದೊಡ್ಡ ಜಡ್ಜು ಯಾರ್ನ್ ಬೇಕಾರೂ ಜವಾನ ಮಾಡ್ಕಣ್ಲಿ, ನಮ್ಗೆಂತ ಮಾರಾಯ್ರೆ?” ಎಂದರು. ಇದು ವಕೀಲರ ತಲೆನೋವು, ನಮ್ಮದಲ್ಲ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆ ಭಾವನೆಯಿಂದ ಲಾಭ ಮಾಡಿಕೊಂಡವರು ಯಾರು ಎಂದು ಸ್ವಲ್ಪ ಯೋಚನೆ ಮಾಡಿ.

ಕೋರ್ಟು ಎಂದರೆ ನಮಗೆ ಯಾರು? ಮುಖ್ಯ ನ್ಯಾಯಮೂರ್ತಿಗಳ ಮುಖವನ್ನು ನಮ್ಮಲ್ಲಿ ಯಾರೂ ಕಂಡವರಲ್ಲ. ಒಂದು ದಿನದ ಕೂಲಿ ಬಿಟ್ಟು ಅಮಾಸೆಬೈಲಿನಿಂದಲೋ ಶಿರೂರಿನಿಂದಲೋ ಬಸ್ಸು ಹಿಡಿದು ಕುಂದಾಪುರದ ಕೋರ್ಟಿಗೆ ಬರುವ ಹೆಂಗಸಿಗೆ ಕೋರ್ಟು ಎಂದರೆ ಬಾಗಿಲಲ್ಲಿ ನಿಂತು ಹೆಸರು ಕೂಗುವ ಜವಾನ. ವಾಯಿದೆ ಯಾವತ್ತು ಎಂದು ಹೇಳುವ ಬೆಂಚ್ ಕ್ಲಾರ್ಕು. ನಕಲು ಕೊಡುವ ಗುಮಾಸ್ತ. ಸಮನ್ಸು ಹಿಡಿದು ಮನೆಗೆ ಬರುವ ಅಮೀನ. ಬೇಕಾದ ಕಾಗದ ಬೇಗ ಸಿಗುವುದು, ಸಿಗದೇ ಇರುವುದು, ಹೆಸರು ಕೂಗಿದ್ದು ಕೇಳಿಸುವುದು, ಕೇಳಿಸದೇ ಹೋಗುವುದು ಇವರ ಕೈಯಲ್ಲಿ. ಸಮನ್ಸು ತಂದವರು ದೊಡ್ಡಮನೆಯ ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿದು, ನಮ್ಮ ಕೇರಿಯ ದಾರಿಯನ್ನು ಅಲ್ಲೇ ಕೇಳಿ, ಯಾರ ಮೇಲೆ ನಾವು ದೂರು ಕೊಟ್ಟಿದ್ದೆವೋ ಅವರ ಮುಂದೆಯೇ ನಮ್ಮ ಹೆಸರು ಓದುತ್ತಿದ್ದ ದಿನಗಳನ್ನು ನಮ್ಮ ಹಿರಿಯರು ಕಂಡಿದ್ದಾರೆ. ತೀರ್ಪು ಬರೆಯುವ ಕೈ ಒಂದಾದರೆ, ಆ ತೀರ್ಪು ನಮ್ಮ ಗುಡಿಸಲಿನ ತನಕ ತಲುಪಿಸುವ ಕೈಗಳು ನೂರು. ಆ ನೂರು ಕೈಗಳಲ್ಲಿ ನಮ್ಮವು ಎಷ್ಟು?

ಇನ್ನೊಂದು ಮಾತು. ಜವಾನ, ಅಮೀನ, ಟೈಪಿಸ್ಟು, ಗುಮಾಸ್ತ, ಇವು ಎಸ್ಸೆಸ್ಸೆಲ್ಸಿಯೋ ಪಿಯುಸಿಯೋ ಓದಿದ ಮಕ್ಕಳ ಕೈಗೆ ಎಟುಕುವ ಹುದ್ದೆಗಳು. ನಮ್ಮ ಮೂರು ತಾಲೂಕುಗಳಲ್ಲಿ ಟೈಪಿಂಗ್ ಪಾಸು ಮಾಡಿದ ಹೆಣ್ಣುಮಕ್ಕಳು ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆ ಸುಲಿಯುತ್ತಾರೆ. ಗಂಡುಮಕ್ಕಳು ಗಂಗೊಳ್ಳಿಯ ಬೋಟಿಗೆ ಹೋಗುತ್ತಾರೆ, ಇಲ್ಲವೇ ಬೆಂಗಳೂರು, ಮುಂಬಯಿಯ ಹೋಟೆಲುಗಳಲ್ಲಿ ತಟ್ಟೆ ತೊಳೆಯುತ್ತಾರೆ. ಸರಕಾರದ ಸಂಬಳ ಬರುವ ಒಂದು ಜವಾನಿಕೆ ಒಂದು ಕೇರಿಗೆ ಬಂದರೆ ಆ ಕೇರಿಯ ಮುಂದಿನ ತಲೆಮಾರು ಬೇರೆಯೇ ಆಗುತ್ತದೆ. ಇದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈಗ ಕಾನೂನಿಗೆ ಬರೋಣ. ಕಷ್ಟವೇನಿಲ್ಲ, ಒಂದೊಂದಾಗಿ ನೋಡಿ.

ಹೈಕೋರ್ಟಿನ ಅಧಿಕಾರಿಗಳನ್ನು, ನೌಕರರನ್ನು ಮುಖ್ಯ ನ್ಯಾಯಮೂರ್ತಿಗಳು, ಇಲ್ಲವೇ ಅವರು ಹೇಳಿದ ಬೇರೆ ನ್ಯಾಯಮೂರ್ತಿಯೋ ಅಧಿಕಾರಿಯೋ ನೇಮಿಸಬೇಕು ಎಂದು ಸಂವಿಧಾನದ 229ನೆಯ ವಿಧಿ ಹೇಳುತ್ತದೆ. ಸುಪ್ರೀಂ ಕೋರ್ಟಿಗೆ ಇಂಥದ್ದೇ ಅಧಿಕಾರ 146ನೆಯ ವಿಧಿಯಲ್ಲಿದೆ. ಇದನ್ನು ಓದಿ ಕೆಲವರು “ನೋಡಿ, ಅವರು ಯಾರನ್ನು ಬೇಕಾದರೂ ತಗೊಳ್ಳಬಹುದು” ಎನ್ನುತ್ತಾರೆ. ಅವರು ಓದಿದ್ದು ಮೊದಲ ಸಾಲು ಮಾತ್ರ. ಅದೇ ವಿಧಿ ಮುಂದಕ್ಕೂ ಇದೆ. ಹೊರಗಿನವರನ್ನು ಕೋರ್ಟಿನ ಹುದ್ದೆಗೆ ತೆಗೆದುಕೊಳ್ಳುವ ಮೊದಲು ಲೋಕಸೇವಾ ಆಯೋಗವನ್ನು ಕೇಳಬೇಕು ಎಂದು ರಾಜ್ಯಪಾಲರು ನಿಯಮ ಮಾಡಬಹುದು. ನೌಕರರ ಸೇವಾ ಷರತ್ತುಗಳಿಗೆ ಮುಖ್ಯ ನ್ಯಾಯಮೂರ್ತಿಗಳು ನಿಯಮ ಮಾಡಬಹುದು, ಆದರೆ ವಿಧಾನಮಂಡಲ ಕಾನೂನು ಮಾಡಿದ್ದರೆ ಅದಕ್ಕೆ ಒಳಪಟ್ಟೇ ಮಾಡಬೇಕು. ಸಂಬಳ, ಭತ್ಯೆ, ರಜೆ, ಪಿಂಚಣಿಯ ನಿಯಮಗಳಿಗೆ ರಾಜ್ಯಪಾಲರ ಒಪ್ಪಿಗೆ ಬೇಕು. ಅಂದರೆ ಅಧಿಕಾರ ಕೊಟ್ಟ ಕೈಯೇ ಬೇಲಿಯನ್ನೂ ಹಾಕಿದೆ.

ಇದು ಆ ವಿಧಿಯ ಒಳಗಿನ ಬೇಲಿ. ಅದಕ್ಕಿಂತ ಗಟ್ಟಿಯಾದ ಬೇಲಿ ಹೊರಗಿದೆ. 14ನೆಯ ವಿಧಿ, ಕಾನೂನಿನ ಮುಂದೆ ಎಲ್ಲರೂ ಸಮ. 16ನೆಯ ವಿಧಿ, ಸರಕಾರಿ ನೌಕರಿಯಲ್ಲಿ ಎಲ್ಲರಿಗೂ ಸಮಾನ ಅವಕಾಶ. ಅದರ 4ನೆಯ ಖಂಡ, ಹಿಂದುಳಿದವರಿಗೆ ಮೀಸಲಾತಿ. 335ನೆಯ ವಿಧಿ, ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಹಕ್ಕನ್ನು ನೇಮಕಾತಿಯಲ್ಲಿ ಗಮನಿಸಲೇಬೇಕು. ತೀರ್ಪು ಬರೆಯಲು ಕೂತಾಗ ನ್ಯಾಯಮೂರ್ತಿ ನ್ಯಾಯಮೂರ್ತಿಯೇ. ಜವಾನನ ನೇಮಕದ ಆದೇಶಕ್ಕೆ ಸಹಿ ಹಾಕುವಾಗ ಅವರೂ ಒಬ್ಬ ಆಡಳಿತಾಧಿಕಾರಿ. ಆ ಸಹಿಯನ್ನು ಕೋರ್ಟಿನಲ್ಲಿ ಪ್ರಶ್ನೆ ಮಾಡಬಹುದು, ರದ್ದೂ ಮಾಡಿಸಬಹುದು. ಕೋರ್ಟು ದೇವಸ್ಥಾನವಲ್ಲ, ಮುಖ್ಯ ನ್ಯಾಯಮೂರ್ತಿ ಅದರ ಆನುವಂಶಿಕ ಮೊಕ್ತೇಸರರೂ ಅಲ್ಲ. (ಮೊಕ್ತೇಸರರ ಕಥೆ ಇನ್ನೊಂದು ಸಂಚಿಕೆಗೆ ಇರಲಿ.)

ಅಲ್ಲದೆ ಹೈಕೋರ್ಟಿನ ಆಡಳಿತದ ಖರ್ಚು, ಈ ನೌಕರರ ಸಂಬಳ ಸೇರಿ, ರಾಜ್ಯದ ಸಂಚಿತ ನಿಧಿಯ ಮೇಲೆ ಹೊರೆ. ಅಂದರೆ ವಿಧಾನಸಭೆಯಲ್ಲಿ ಅದರ ಬಗ್ಗೆ ಮಾತಾಡಬಹುದು, ಮತಕ್ಕೆ ಹಾಕುವಂತಿಲ್ಲ. ಸಾಬೂನಿಗೂ ಬೆಂಕಿಪೊಟ್ಟಣಕ್ಕೂ ತೆರಿಗೆ ಕೊಡುವ ಕೊರಗ ಹೆಂಗಸಿನ ದುಡ್ಡೂ ಆ ನಿಧಿಯಲ್ಲಿದೆ. ಮತಕ್ಕೆ ಹಾಕದ ದುಡ್ಡನ್ನು ಖರ್ಚು ಮಾಡುವವರಿಗೆ ಲೆಕ್ಕ ಕೊಡುವ ಜವಾಬ್ದಾರಿ ಹೆಚ್ಚೋ ಕಡಿಮೆಯೋ, ನೀವೇ ಹೇಳಿ.

ಒಂದು ವ್ಯತ್ಯಾಸವನ್ನು ಇಲ್ಲಿ ಸರಿಯಾಗಿ ತಿಳಿದುಕೊಳ್ಳಬೇಕು, ಮುಂದಿನ ಕಥೆಗೆ ಅದು ಬೇಕು. 229ನೆಯ ವಿಧಿ ಹೈಕೋರ್ಟಿನ ಸ್ವಂತ ಸಿಬ್ಬಂದಿಗೆ ಮಾತ್ರ. ಕುಂದಾಪುರದ, ಉಡುಪಿಯ ಕೋರ್ಟುಗಳ ಗುಮಾಸ್ತರ, ಅಮೀನರ ನೇಮಕಕ್ಕೆ ಬೇರೆ ನೇಮಕಾತಿ ನಿಯಮಗಳಿವೆ. ಕೆಳಗಿನ ಕೋರ್ಟುಗಳ ಮೇಲೆ ಹೈಕೋರ್ಟಿಗೆ ಹತೋಟಿ ಇರುವುದು 235ನೆಯ ವಿಧಿಯಿಂದ. ಬಾಗಿಲು ಎರಡು, ಬೀಗವೂ ಎರಡು.

ನಮ್ಮ ಕರ್ನಾಟಕದಲ್ಲೇ ಒಮ್ಮೆ ಒಂದು ಬಾಗಿಲಿನಿಂದ ಒಳಗೆ ಹೊಗಿಸಿ ಇನ್ನೊಂದರಿಂದ ಹೊರಗೆ ಕಳಿಸಿದ ಕಥೆ ನಡೆಯಿತು. ಎಚ್.ಸಿ. ಪುಟ್ಟಸ್ವಾಮಿ ಮತ್ತು ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳ ನಡುವಿನ ಪ್ರಕರಣ ಎಂದು ಕಾನೂನು ಪುಸ್ತಕಗಳಲ್ಲಿ ಇದು ಪ್ರಸಿದ್ಧ. ಸುಪ್ರೀಂ ಕೋರ್ಟು 1990ರಲ್ಲಿ ತೀರ್ಪು ಕೊಟ್ಟಿತು. ಕೆಳಗಿನ ಕೋರ್ಟುಗಳ ಗುಮಾಸ್ತರ ಹುದ್ದೆಗೆ ಲೋಕಸೇವಾ ಆಯೋಗದ ಮೂಲಕ ಆಯ್ಕೆ ಆಗಬೇಕಿತ್ತು. ಅದನ್ನು ಬದಿಗಿಟ್ಟು ಮುಖ್ಯ ನ್ಯಾಯಮೂರ್ತಿಗಳು ಹೈಕೋರ್ಟಿನ ಸಿಬ್ಬಂದಿ ಎಂದು ಜನರನ್ನು ತೆಗೆದುಕೊಂಡರು. ಆಮೇಲೆ ಅವರನ್ನು ಕೆಳಗಿನ ಕೋರ್ಟುಗಳಿಗೆ ವರ್ಗ ಮಾಡಿದರು. ಕಾಗದದ ಮೇಲೆ ಹೈಕೋರ್ಟಿನ ನೇಮಕ, ಕೂತದ್ದು ಕೆಳಗಿನ ಕೋರ್ಟಿನ ಕುರ್ಚಿಯಲ್ಲಿ. ಎಷ್ಟು ಚಂದ ಅಲ್ದಾ?

ಹಿತ್ತಿಲ ಬಾಗಿಲು ನಮಗೆ ಹೊಸದಲ್ಲ. ನಮ್ಮ ಅಜ್ಜ ಅಜ್ಜಿಯರು ತಲೆತಲಾಂತರ ನಿಂತದ್ದು ಅಲ್ಲೇ. ಆದರೆ ಆ ಬಾಗಿಲಲ್ಲಿ ಅವರಿಗೆ ಎಂಜಲು ಸಿಗುತ್ತಿತ್ತು, ನೌಕರಿ ಸಿಗುತ್ತಿರಲಿಲ್ಲ.

ಸುಪ್ರೀಂ ಕೋರ್ಟು ಏನು ಹೇಳಿತು? ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ ಬರೆದ ಆ ತೀರ್ಪು ಮುಲಾಜು ಇಟ್ಟುಕೊಳ್ಳಲಿಲ್ಲ. ಹೈಕೋರ್ಟಿಗೆ ಆಡಳಿತದ ಸ್ವಾತಂತ್ರ್ಯ ಬೇಕೇ ಬೇಕು, ಅದಕ್ಕೇ 229 ಇರುವುದು, ಆದರೆ ಮುಖ್ಯ ನ್ಯಾಯಮೂರ್ತಿ ನಿರಂಕುಶ ಪ್ರಭುವಲ್ಲ ಎಂದಿತು. ಬೇರೆಯವರ ನಡತೆಯನ್ನು ತೂಗುವವರು ತಮ್ಮ ನಡತೆಯನ್ನು ಇನ್ನೂ ಮೇಲಿಡಬೇಕು ಎಂದಿತು. ನೇಮಕ ಮಾಡಿದ ರೀತಿ ಸ್ಪಷ್ಟವಾಗಿ ತಪ್ಪು ಎಂದಿತು. ಜನಸಾಮಾನ್ಯರ ಕಣ್ಣಿನಲ್ಲಿ ಕೋರ್ಟು ಎಂದರೆ ಬರೇ ತೀರ್ಪುಗಳಲ್ಲ, ಜಡ್ಜರು ಆಡಳಿತ ನಡೆಸುವ ರೀತಿಯೂ ಅದರಲ್ಲಿ ಸೇರುತ್ತದೆ ಎಂಬ ಮಾತನ್ನೂ ಆಡಿತು. ಇಷ್ಟರ ತನಕ ನಾವು ಆ ತೀರ್ಪಿಗೆ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡುತ್ತೇವೆ.

ಆಮೇಲೆ? ಆಮೇಲೆ ಕರುಣೆ ಬಂತು. ಆ ನೌಕರರು ಸುಮಾರು 10 ವರ್ಷ ಕೆಲಸ ಮಾಡಿದ್ದಾರೆ, ವಯಸ್ಸು ಮೀರಿದೆ, ಸಂಸಾರ ಇದೆ, ನಡುನೀರಿನಲ್ಲಿ ಕೈ ಬಿಡುವುದು ಹೇಗೆ? ಹಾಗಾಗಿ ಅವರನ್ನು ಕ್ರಮಬದ್ಧವಾಗಿ ನೇಮಕಗೊಂಡವರೆಂದೇ ತಿಳಿಯಬೇಕು, ಹಿಂದಿನ ಸೇವೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂದು ಆಜ್ಞೆಯಾಯಿತು. ತಪ್ಪು ತಪ್ಪೇ, ಆದರೆ ತಪ್ಪಿನ ಫಲ ಉಳಿಯಿತು.

ಬಂಧುಗಳೇ, ನಾವು ಆ ನೌಕರರ ಅನ್ನಕ್ಕೆ ಕಲ್ಲು ಹಾಕುವವರಲ್ಲ. ಅವರೂ ಬಡವರ ಮಕ್ಕಳೇ ಇರಬಹುದು, ಅವರಲ್ಲಿ ನಮ್ಮವರೂ ಇರಬಹುದು. ತಪ್ಪು ಮಾಡಿದ್ದು ಸಹಿ ಹಾಕಿದ ಕೈ, ಸಂಬಳಕ್ಕೆ ಚಾಚಿದ ಕೈ ಅಲ್ಲ. ನಮ್ಮ ಪ್ರಶ್ನೆ ಬೇರೆ. ಆ ಹುದ್ದೆಗಳಿಗೆ ಜಾಹೀರಾತು ಬಂದಿದ್ದರೆ, ಅರ್ಜಿ ಹಾಕುತ್ತಿದ್ದ ನಮ್ಮ ಮಕ್ಕಳಿದ್ದರಲ್ಲ, ಅವರೆಲ್ಲಿ? ಮೀಸಲಾತಿಯ ಪಟ್ಟಿಯಲ್ಲಿ ಬರಬೇಕಾಗಿದ್ದ ಹೆಸರುಗಳು ಎಲ್ಲಿ? ಅವರಿಗೆ ಕೋರ್ಟಿನಲ್ಲಿ ವಕೀಲರಿರಲಿಲ್ಲ. ಇರುವುದು ಹೇಗೆ? ತಮಗೆ ಅನ್ಯಾಯವಾಗಿದೆ ಎಂದು ಅವರಿಗೇ ಗೊತ್ತಿರಲಿಲ್ಲ. ಗುಟ್ಟಾಗಿ ತುಂಬಿದ ಹುದ್ದೆಯಲ್ಲಿ ನೌಕರಿ ಪಡೆದವರಿಗೆ ಹೆಸರಿದೆ, ಸಂಸಾರ ಇದೆ, ಕಣ್ಣೀರು ಇದೆ. ಕಳೆದುಕೊಂಡವರಿಗೆ ಹೆಸರೇ ಇಲ್ಲ. ಹೆಸರಿಲ್ಲದವರಿಗೆ ಯಾರು ಕರುಣೆ ತೋರಿಸುತ್ತಾರೆ? ಬೈಂದೂರಿನ ಯಾವುದೋ ಕೇರಿಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾಗಿ ಹಂಚಿನ ಕಾರ್ಖಾನೆಗೆ ಮಣ್ಣು ಹೊರಲು ಹೋದ ಹುಡುಗನೂ ಆ 10 ವರ್ಷ ವಯಸ್ಸು ಮೀರುತ್ತಲೇ ಇದ್ದ. ಅವನಿಗೂ ಸಂಸಾರ ಇತ್ತು.

ಜಾಹೀರಾತು ಇಲ್ಲದ ನೇಮಕದಲ್ಲಿ ಮೀಸಲಾತಿ ಇರುವುದಿಲ್ಲ. ಇಷ್ಟೇ ನಾವು ಹೇಳಬೇಕಾದ್ದು, ಉಳಿದದ್ದೆಲ್ಲ ಇದರ ವಿವರಣೆ. ಹುದ್ದೆಗಳೆಷ್ಟು ಎಂದು ಎಣಿಸಿ, ರೋಸ್ಟರಿನ ಬಿಂದು ಯಾವುದು ಎಂದು ಗುರುತು ಮಾಡಿ, ಪತ್ರಿಕೆಯಲ್ಲಿ ಹಾಕಿ, ಅರ್ಜಿ ಕರೆದರೆ ಮಾತ್ರ ನಮ್ಮ ಪಾಲು ಕಾಣುತ್ತದೆ. “ನಮ್ಮ ಪರಿಚಯದ ಹುಡುಗ, ಒಳ್ಳೆಯವ” ಎಂದು ತೆಗೆದುಕೊಂಡರೆ ಕಾಣುವುದಿಲ್ಲ. ದೊಡ್ಡವರ ಪರಿಚಯದ ವರ್ತುಲ ಎಷ್ಟು ಅಗಲವೋ ಅವರ ನೇಮಕಾತಿಯೂ ಅಷ್ಟೇ ಅಗಲ. ಆ ವರ್ತುಲದೊಳಗೆ ಕೊರಗರು, ಮುಂಡಾಲರು, ಆದಿದ್ರಾವಿಡರು ಎಷ್ಟು ಮಂದಿ ಇದ್ದಾರೆ? ಕೊರಗರ ಅಜಲು ಪದ್ಧತಿಯನ್ನು ನಿಷೇಧಿಸುವ ಕಾನೂನು ಬರಲು 2000ನೆಯ ಇಸವಿ ಆಗಬೇಕಾಯಿತು. ಅಲ್ಲಿಯ ತನಕ ದೊಡ್ಡವರಿಗೆ ಅವರ ಪರಿಚಯ ಇದ್ದದ್ದು ಡೋಲು ಬಾರಿಸಲು ಮಾತ್ರ.

1990ರ ಕರುಣೆಗೆ ಜೋಡಿಯಾಗಿ ಇನ್ನೊಂದು ಕರ್ನಾಟಕದ ಪ್ರಕರಣವನ್ನೂ ನೋಡಿ. ವಾಣಿಜ್ಯ ತೆರಿಗೆ ಇಲಾಖೆಯಲ್ಲಿ ದಿನಗೂಲಿ ಮೇಲೆ 10 ವರ್ಷಕ್ಕೂ ಹೆಚ್ಚು ದುಡಿದವರು ಕಾಯಂ ಮಾಡಿ ಎಂದು ಕೇಳಿದರು. ಉಮಾದೇವಿ ಪ್ರಕರಣ ಎಂದು ಹೆಸರು. 2006ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಎಷ್ಟೇ ವರ್ಷ ದುಡಿದರೂ ಹಿಂಬಾಗಿಲಿನಿಂದ ಬಂದವರಿಗೆ ಕಾಯಂ ಆಗುವ ಹಕ್ಕಿಲ್ಲ, ಹೊರಗೆ ಸಾಲಿನಲ್ಲಿ ನಿಂತವರ ಸಮಾನ ಅವಕಾಶ ಮುಖ್ಯ ಎಂದಿತು. ಮಂಜೂರಾದ ಹುದ್ದೆಯಲ್ಲಿ 10 ವರ್ಷ ದುಡಿದ ಅರ್ಹರಿಗೆ ಮಾತ್ರ ಒಂದು ಸಲದ ಮಟ್ಟಿಗೆ ದಾರಿ ಬಿಟ್ಟಿತು. ಸಾಲಿನಲ್ಲಿ ನಿಂತವರನ್ನು ಕೋರ್ಟು ನೆನೆದದ್ದು ನಮಗೆ ಸಂತೋಷವೇ, ಆ ಸಾಲಿನಲ್ಲಿ ನಾವೇ ನಿಂತಿರುವುದು. ಆದರೆ ಆ ದಿನದಿಂದ ಪೌರಕಾರ್ಮಿಕರು, ಹಾಸ್ಟೆಲಿನ ಅಡುಗೆಯವರು, ದಿನಗೂಲಿಗಳು ಯಾರೇ ಬಾಯಿ ತೆರೆದರೂ “ಉಮಾದೇವಿ, ಉಮಾದೇವಿ” ಎಂದು ಅಧಿಕಾರಿಗಳು ಮಂತ್ರ ಹೇಳುತ್ತಾರೆ. ಚರಂಡಿಗೆ ಇಳಿಯುವವನಿಗೆ ಸಂವಿಧಾನದ ಪಾಠ, ಹೈಕೋರ್ಟಿನ ಬಾಗಿಲಿನಿಂದ ಬಂದವರಿಗೆ ಕರುಣೆ. ಮನುಷ್ಯರ ಕಷ್ಟ ಎರಡೂ ಕಡೆ ಒಂದೇ ಆಗಿದ್ದರೆ ತಕ್ಕಡಿಯೂ ಒಂದೇ ಆಗಬೇಕಿತ್ತು.

2014ರಲ್ಲಿ ದೆಹಲಿಯ ತೀಸ್ ಹಜಾರಿ ಕೋರ್ಟಿನ ಸಣ್ಣ ನೌಕರರ ನೇಮಕದ ವ್ಯಾಜ್ಯ, ರೇಣು ಪ್ರಕರಣ, ಸುಪ್ರೀಂ ಕೋರ್ಟಿಗೆ ಬಂತು. ಅಲ್ಲಿ ಮಾತು ಇನ್ನೂ ಬಿಡಿಸಿ ಹೇಳಲಾಯಿತು. 229ರ ಅಧಿಕಾರ 14 ಮತ್ತು 16ನೆಯ ವಿಧಿಗಳನ್ನು ದಾಟಲಾರದು. ಹೈಕೋರ್ಟಾಗಲಿ ಕೆಳಗಿನ ಕೋರ್ಟಾಗಲಿ, ಹುದ್ದೆಗೆ ಜಾಹೀರಾತು ಹಾಕಬೇಕು, ನಿಯಮದ ಪ್ರಕಾರವೇ ತುಂಬಬೇಕು. ಜಾಹೀರಾತು ಇಲ್ಲದೆ ನೇಮಿಸುವ ಅಧಿಕಾರ ಕೊಡುವ ನಿಯಮ ಎಲ್ಲಾದರೂ ಇದ್ದರೆ ತಿದ್ದಿಕೊಳ್ಳಬೇಕು. ದೇಶದ ಎಲ್ಲ ಹೈಕೋರ್ಟುಗಳಿಗೂ ಈ ಮಾತು ಹೋಯಿತು. ಸಂವಿಧಾನ ಜಾರಿಗೆ ಬಂದು 64 ವರ್ಷ ಆದ ಮೇಲೆ ಸಂವಿಧಾನ ಕಾಯುವವರಿಗೆ ಸಂವಿಧಾನ ನೆನಪಿಸಬೇಕಾಯಿತು.

ಸುಪ್ರೀಂ ಕೋರ್ಟಿನ ಸ್ವಂತ ಮನೆಯ ಕಥೆ ಕೇಳಿ. ಇಡೀ ದೇಶದ ಮೀಸಲಾತಿಯನ್ನು ಅಳೆದು, ಕೊಯ್ದು, ಶೇಕಡ 50 ಎಂದು ಗೆರೆ ಎಳೆದ ಕೋರ್ಟು ಅದು. ತನ್ನ ಸಿಬ್ಬಂದಿಯ ನೇರ ನೇಮಕಾತಿ ಮತ್ತು ಬಡ್ತಿ ಎರಡರಲ್ಲೂ ಪರಿಶಿಷ್ಟ ಜಾತಿಗೆ ಶೇಕಡ 15, ಪಂಗಡಕ್ಕೆ ಶೇಕಡ 7.5 ಎಂದು ಮಾದರಿ ರೋಸ್ಟರು ಜಾರಿಗೆ ತಂದದ್ದು 2025ರ ಜೂನ್ 23ರಿಂದ! ಕೋರ್ಟು ಹುಟ್ಟಿದ್ದು 1950ರಲ್ಲಿ. ಆಗ ಮುಖ್ಯ ನ್ಯಾಯಮೂರ್ತಿಗಳಾಗಿದ್ದವರು ಬಿ.ಆರ್. ಗವಾಯಿ, ಪರಿಶಿಷ್ಟ ಜಾತಿಯಿಂದ ಆ ಕುರ್ಚಿಗೆ ಬಂದ ಎರಡನೆಯವರು. ಅವರಿಗೆ ನಾವು ಋಣಿಗಳು. ಆದರೆ ಸುಮ್ಮನೆ ಜೈಕಾರ ಹಾಕಿ ಮನೆಗೆ ಹೋಗುವ ವಿಷಯ ಇದಲ್ಲ. ಮೊದಲನೆಯವರು ಕೆ.ಜಿ. ಬಾಲಕೃಷ್ಣನ್. 2007ರಿಂದ 2010ರ ತನಕ ಅದೇ ಕುರ್ಚಿಯಲ್ಲಿದ್ದರು. ರೋಸ್ಟರು ಆಗ ಬರಲಿಲ್ಲ. ಗವಾಯಿಯವರೂ 2025ರ ನವೆಂಬರಿನಲ್ಲಿ ನಿವೃತ್ತರಾದರು. ಕುರ್ಚಿಯಲ್ಲಿ ಯಾರು ಕೂರುತ್ತಾರೆ ಎಂಬುದರ ಮೇಲೆ ನಮ್ಮ ಹಕ್ಕು ನಿಂತಿದ್ದರೆ ಅದು ಹಕ್ಕಲ್ಲ, ದಾನ. ದಾನ ಕೊಟ್ಟ ಕೈ ನಾಳೆ ಹಿಂತೆಗೆದುಕೊಳ್ಳಲೂಬಹುದು.

ಬಾಬಾಸಾಹೇಬರು ಈ ಅಪಾಯವನ್ನು ಅವತ್ತೇ ಕಂಡಿದ್ದರು. 1949ರ ಮೇ 24ರಂದು ಸಂವಿಧಾನ ಸಭೆಯಲ್ಲಿ ಜಡ್ಜರ ನೇಮಕದ ಬಗ್ಗೆ ಚರ್ಚೆ. ಮುಖ್ಯ ನ್ಯಾಯಮೂರ್ತಿಯ ಒಪ್ಪಿಗೆ ಇಲ್ಲದೆ ಜಡ್ಜರ ನೇಮಕ ಆಗಬಾರದು ಎಂದು ಕೆಲವರು ವಾದಿಸಿದರು. ಮುಖ್ಯ ನ್ಯಾಯಮೂರ್ತಿ ದೊಡ್ಡವರೇ ಇರಬಹುದು, ಆದರೆ ನಮ್ಮೆಲ್ಲರ ಹಾಗೆ ಅವರಿಗೂ ದೌರ್ಬಲ್ಯ, ರಾಗದ್ವೇಷ, ಪೂರ್ವಗ್ರಹ ಇರುತ್ತದೆ, ರಾಷ್ಟ್ರಪತಿಗೂ ಸರಕಾರಕ್ಕೂ ಕೊಡದ ಅಧಿಕಾರವನ್ನು ಅವರಿಗೆ ಒಪ್ಪಿಸುವುದು ಹೇಗೆ ಎಂದು ಬಾಬಾಸಾಹೇಬರು ಕೇಳಿದರು. ಅದು ಜಡ್ಜರ ನೇಮಕದ ಮಾತು, ಜವಾನರದ್ದಲ್ಲ, ನಿಜ. ಆದರೆ ಜಡ್ಜರ ವಿಷಯದಲ್ಲೇ ಮುಖ್ಯ ನ್ಯಾಯಮೂರ್ತಿಯನ್ನು ಮನುಷ್ಯ ಎಂದು ಕಂಡವರು ಜವಾನರ ವಿಷಯದಲ್ಲಿ ದೇವರು ಎಂದು ಕಾಣುತ್ತಿದ್ದರೇ?

“ಹಾಗಾದರೆ ನ್ಯಾಯಾಂಗದ ಸ್ವಾತಂತ್ರ್ಯ ಎಲ್ಲಿಗೆ ಹೋಯಿತು?” ಎಂದು ಓದಿದವರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ನೇಮಕಾತಿಯನ್ನು ಮಂತ್ರಿಗಳ ಕೈಗೆ ಕೊಡಿ ಎಂದು ನಾವು ಹೇಳುತ್ತಿಲ್ಲ. ಶಾಸಕರ ಚೀಟಿ ಹಿಡಿದು ಬಂದವನು ಬೆಂಚ್ ಕ್ಲಾರ್ಕ್ ಆದರೆ, ಆ ಶಾಸಕರ ಭಾವನ ಮೇಲೆ ನಾವು ಹಾಕಿದ ದೌರ್ಜನ್ಯದ ಕೇಸಿನ ಫೈಲು ಎಲ್ಲಿಗೆ ಹೋಗುತ್ತದೆ ಎಂದು ನಮಗೆ ಗೊತ್ತು. ಕೋರ್ಟಿನ ಸಿಬ್ಬಂದಿಯ ಮೇಲೆ ಸರಕಾರದ ಕೈ ಬೀಳಬಾರದು ಎಂಬುದರಲ್ಲಿ ನಮಗಿಂತ ಹೆಚ್ಚು ಆಸಕ್ತಿ ಯಾರಿಗೂ ಇಲ್ಲ. ಆದರೆ ಜಾಹೀರಾತು ಹಾಕಿದರೆ ಯಾವ ಸ್ವಾತಂತ್ರ್ಯ ಹೋಗುತ್ತದೆ? ಅಂಕಪಟ್ಟಿ ಅಂಟಿಸಿದರೆ ಯಾವ ತೀರ್ಪು ಬದಲಾಗುತ್ತದೆ? ರೋಸ್ಟರಿನ ಪುಸ್ತಕ ತೆರೆದು ತೋರಿಸಿದರೆ ಯಾವ ಜಡ್ಜರ ಲೇಖನಿ ನಡುಗುತ್ತದೆ? ಸ್ವಾತಂತ್ರ್ಯ ಇರುವುದು ಸರಕಾರದಿಂದ, ಸಂವಿಧಾನದಿಂದ ಅಲ್ಲ.

ಹೊಸ ತಂತ್ರವೂ ಬಂದಿದೆ. ಕಚೇರಿಗಳಲ್ಲಿ ಹುದ್ದೆ ತುಂಬದೆ ಗುತ್ತಿಗೆದಾರನಿಂದ ಜನ ತರಿಸುವುದು. ಗುತ್ತಿಗೆದಾರನಿಗೆ 229 ಇಲ್ಲ, 335 ಇಲ್ಲ. ಹೊರಗುತ್ತಿಗೆಯಲ್ಲೂ ಮೀಸಲಾತಿ ಪಾಲಿಸಬೇಕೆಂದು ಕರ್ನಾಟಕ ಸರಕಾರ 2024ರಲ್ಲಿ ಆದೇಶ ಮಾಡಿದೆ. ಅದು ಇಲಾಖೆಗಳಲ್ಲಿ ಹೇಗೆ ನಡೆಯುತ್ತದೆ, ಕೋರ್ಟುಗಳ ಬಾಗಿಲ ಒಳಗೂ ಹೋಗುತ್ತದೆಯೇ ಎಂದು ಕಾಂಬ. ನಾವು ಸುಮ್ಮನೆ ಕೂತರೆ ಹೋಗುವುದಿಲ್ಲ.

ಬೈಂದೂರು, ಬ್ರಹ್ಮಾವರ 2018ರಲ್ಲಿ ತಾಲೂಕುಗಳಾದವು. ಹೊಸ ತಾಲೂಕಿಗೆ ಕಚೇರಿಗಳು ಒಂದೊಂದಾಗಿ ಬರುತ್ತವೆ, ಕೋರ್ಟಿನ ಕೆಲಸವೂ ಹೆಚ್ಚುತ್ತದೆ. ಕಟ್ಟಡದ ಕಲ್ಲು ಹೊರುವವರು ನಾವೇ ಇರುತ್ತೇವೆ. ಒಳಗಿನ ಕುರ್ಚಿಯ ಲೆಕ್ಕ ಈಗಲೇ ಕೇಳಬೇಕು. ಜಿಲ್ಲಾ ನ್ಯಾಯಾಲಯದ ನೇಮಕಾತಿ ಪ್ರಕಟಣೆ ಬಂದಾಗ ಅದು ಗ್ರಾಮ ಪಂಚಾಯತಿಯ ಬೋರ್ಡಿಗೂ, ನಮ್ಮ ಹಾಸ್ಟೆಲುಗಳಿಗೂ, ಕೊರಗರ ಕಾಲೊನಿಗಳಿಗೂ ತಲುಪಬೇಕು. ಇಂಟರ್ನೆಟ್ಟಿನಲ್ಲಿ ಹಾಕಿದ್ದೇವೆ ಎಂದರೆ ಸಾಲದು. ಜಿಲ್ಲೆಯ ಕೋರ್ಟುಗಳಲ್ಲಿ ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು, ಪರಿಶಿಷ್ಟ ಜಾತಿ, ಪಂಗಡದವರು ಎಷ್ಟು, ಬಾಕಿ ಹುದ್ದೆ ಎಷ್ಟು, ಗುತ್ತಿಗೆಯವರು ಎಷ್ಟು, ಈ ಐದು ಪ್ರಶ್ನೆಗಳನ್ನು ಮಾಹಿತಿ ಹಕ್ಕಿನಲ್ಲಿ ಕೇಳಬೇಕು. ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳ ಕಚೇರಿಗೂ ಮಾಹಿತಿ ಹಕ್ಕು ಕಾಯಿದೆ ಅನ್ವಯಿಸುತ್ತದೆ ಎಂದು 2019ರ ನವೆಂಬರ್ 13ರಂದು ಅದೇ ಕೋರ್ಟು ಹೇಳಿದೆ. ದೊಡ್ಡ ಬಾಗಿಲೇ ತೆರೆದ ಮೇಲೆ ಉಡುಪಿಯ ಬಾಗಿಲು ಮುಚ್ಚಿಕೊಳ್ಳಲು ಕಾರಣವಿಲ್ಲ.

ಐದು ಪ್ರಶ್ನೆಗಳ ಅರ್ಜಿಯನ್ನು ಟೈಪು ಮಾಡಿ ಇಟ್ಟಿದ್ದೇವೆ. ಹೆಸರು, ವಿಳಾಸ ತುಂಬಿ ಸಹಿ ಹಾಕಿದರೆ ಆಯಿತು. ಬರೆಯಲು ಬಾರದ ಅಮ್ಮಂದಿರು, ಅಜ್ಜಂದಿರು ಸಭೆ ಮುಗಿದ ಮೇಲೆ ಈ ಪತ್ರಿಕೆ ಮಾರುವ ಮೇಜಿನ ಹತ್ತಿರ ಬನ್ನಿ, ನಮ್ಮ ಹುಡುಗರು ಬರೆದುಕೊಡುತ್ತಾರೆ. ಒಂದು ಊರಿನಿಂದ ಒಂದೇ ಅರ್ಜಿ ಹೋದರೆ ಬದಿಗಿಡುತ್ತಾರೆ. ಶಿರೂರು, ಉಪ್ಪುಂದ, ನಾವುಂದ, ಹೆಮ್ಮಾಡಿ, ಸಿದ್ದಾಪುರ, ಶಂಕರನಾರಾಯಣ, ಕೋಟ, ಬಾರ್ಕೂರು, ಎಲ್ಲ ಕಡೆಯಿಂದಲೂ ಹೋಗಬೇಕು. ಉತ್ತರ ಬಂದ ಲಕೋಟೆಯನ್ನು ಬಿಸಾಡಬೇಡಿ, ಮುಂದಿನ ಸಭೆಗೆ ತನ್ನಿ.

ಜೈ ಭೀಮ್.